ಗೋಡೆ ಬಿದ್ದ ಮೇಲೆ

ನಮ್ಮೂರು ಅಗರ. ಯಳಂದೂರು ತಾಲ್ಲೂಕು. ಪಕ್ಕದಲ್ಲೇ ಮಾಂಬಳ್ಳಿ. ಸುತ್ತಿನ ಜನ ಎರಡನ್ನೂ ಸೇರಿಸಿ ಅಗರ-ಮಾಂಬಳ್ಳಿ ಎನ್ನುತ್ತಾರೆ. ನಾಟಕಕಾರ ಸಂಸ ಹುಟ್ಟಿದ ಊರು ಎಂದು ಓದಿಕೊಂಡವರು ಗುರುತಿಸುತ್ತಾರೆ. ನಮಗೆ ಇದು ಬತ್ತ, ಕಬ್ಬು, ಕೂಲಿಯ ಊರು. ನಾನು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ರಜೆಯಲ್ಲಿ ನಾಟಿಗೆ, ಕಳೆ ಕೀಳಲು ಹೋಗುತ್ತೇನೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮನೆಯಲ್ಲಿ ಅತ್ತೆ, ನಾನು, ಮಗಳು.

ಮನೆ ನನ್ನ ಮಾವನ ಕಾಲದ್ದು. ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಮುಂದೆ ಜಗಲಿ, ಒಳಗೆ ನಡುಮನೆ, ಹಿಂದೆ ಅಡುಗೆಮನೆ. ಹಿತ್ತಲ ಕಡೆಯ ಗೋಡೆ ಕೆಲವು ವರ್ಷಗಳಿಂದ ಬಿರುಕು ಬಿಟ್ಟಿತ್ತು. ಪ್ರತಿ ಬೇಸಿಗೆಯಲ್ಲಿ ಕೆಮ್ಮಣ್ಣು ಕಲಸಿ ಮೆತ್ತುತ್ತಿದ್ದೆವು. ಕೈಯಲ್ಲಿ ಆಗುತ್ತಿದ್ದದ್ದು ಅಷ್ಟೇ.

2022ರಲ್ಲಿ ಮಳೆ ನಿಲ್ಲಲೇ ಇಲ್ಲ. ಮೇಲಿನ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿದವು. ಹೊಳೆ ಉಕ್ಕಿತು. ಗಣೇಶನ ಹಬ್ಬ ಕಳೆದ ಮೇಲೆ ಮಳೆ ಇನ್ನೂ ಜೋರಾಯಿತು. ಗದ್ದೆ ಯಾವುದು, ಹಳ್ಳ ಯಾವುದು ಎಂದು ಗುರುತು ಸಿಗುತ್ತಿರಲಿಲ್ಲ. ಹಿತ್ತಲಲ್ಲಿ ನೀರು ನಿಂತಿತು. ಸಂಜೆ ಗೋಡೆಯ ಬುಡ ಮುಟ್ಟಿ ನೋಡಿದೆ. ಮಣ್ಣು ಮೆತ್ತಗಾಗಿ ಉಬ್ಬಿತ್ತು. ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು.

ಆ ರಾತ್ರಿ ಅಡುಗೆಮನೆಯಲ್ಲಿ ಯಾರೂ ಮಲಗಲಿಲ್ಲ. ಮೂವರೂ ನಡುಮನೆಯಲ್ಲಿ ಚಾಪೆ ಹಾಕಿಕೊಂಡೆವು. ಕರೆಂಟು ಹೋಗಿತ್ತು. ನಡುರಾತ್ರಿ ಮಣ್ಣು ಉದುರುವ ಸದ್ದು ಕೇಳಿಸಿತು. ಮೊದಲು ಸಣ್ಣಗೆ, ಇಲಿ ಓಡಾಡಿದ ಹಾಗೆ. ಅತ್ತೆಗೆ ನಿದ್ದೆ ಕಡಿಮೆ. ಅವರೇ ಮೊದಲು ಎದ್ದರು. "ಏಳ್ರವ್ವ, ಗ್ವಾಡ ಬೀಳ್ತಾ ಅದ" ಎಂದರು. ಮಗಳ ಕೈ ಹಿಡಿದು ಎಳೆದೆ. ಅತ್ತೆಯನ್ನು ತಬ್ಬಿಕೊಂಡು ಜಗಲಿಗೆ ಬಂದೆ. ಬೀದಿಗೆ ಇಳಿಯುವಷ್ಟರಲ್ಲಿ ಹಿಂದಿನ ಗೋಡೆ ಬಿತ್ತು. ಜಂತೆ ಮುರಿದು ಹೆಂಚು ಸುರಿಯಿತು. ಸದ್ದು ಬಹಳ ದೊಡ್ಡದೇನೂ ಇರಲಿಲ್ಲ. ನೆನೆದ ಮಣ್ಣು ಬಿದ್ದರೆ ಸದ್ದು ಕಡಿಮೆ.

ನನಗೆ ಅಳು ಬರಲಿಲ್ಲ. ಕೈ ನಡುಗುತ್ತಿತ್ತು. ಮೂವರೂ ಇದ್ದೇವೆ ಎಂದು ಮತ್ತೆ ಮತ್ತೆ ನೋಡಿಕೊಂಡೆ.

ಎದುರು ಮನೆಯವರು ಬಾಗಿಲು ತೆಗೆದರು. ಅವರ ಮನೆಯೊಳಗೂ ನೀರು ನಿಂತಿತ್ತು. ಅತ್ತೆಯನ್ನು ಮಂಚದ ಮೇಲೆ ಕೂರಿಸಿದರು. ನಾವು ನೀರಿನಲ್ಲಿ ನಿಂತೇ ಬೆಳಗು ಮಾಡಿದೆವು. ಬೆಳಕು ಹರಿದ ಮೇಲೆ ಊರಿನ ಹುಡುಗರು ಬಂದು ಟ್ರಂಕು, ಅಕ್ಕಿ ಚೀಲ, ಎರಡು ಪಾತ್ರೆ ಹೊರಗೆ ತೆಗೆದುಕೊಟ್ಟರು. ಮಗಳ ಪುಸ್ತಕ ಮಣ್ಣಿನಡಿ ಸಿಕ್ಕಿಕೊಂಡಿತ್ತು. ಅವಳು ಆಗ ಹತ್ತನೇ ಕ್ಲಾಸು.

ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದರು. ಮೊದಲೆಲ್ಲ ಗಂಜಿ ಕೇಂದ್ರ ಎನ್ನುತ್ತಿದ್ದರು. ಚಾಪೆ, ಬೆಡ್‌ಶೀಟು ಕೊಟ್ಟರು. ಅಡುಗೆಯವರು ಬೇಕು ಎಂದಾಗ ನಾನೇ ನಿಂತೆ. ದಿನವೂ ಮಕ್ಕಳಿಗೆ ಬೇಯಿಸುವ ಅದೇ ಒಲೆ, ಅದೇ ಪಾತ್ರೆ. ಅನ್ನ, ಸಾರು, ಬೆಳಿಗ್ಗೆ ಉಪ್ಪಿಟ್ಟು. ಕೆಲಸ ಇದ್ದದ್ದು ಒಳ್ಳೆಯದಾಯಿತು. ಯೋಚನೆಗೆ ಹೊತ್ತು ಸಿಗಲಿಲ್ಲ. ರಾತ್ರಿ ಮಾತ್ರ ಕಷ್ಟ. ಒಂದೇ ಕೋಣೆಯಲ್ಲಿ ಹಲವು ಮನೆಯವರು. ಮಗಳು ಮುಟ್ಟಾಗಿದ್ದಳು. ಬಟ್ಟೆ ಬದಲಿಸಲು ಮರೆ ಇರಲಿಲ್ಲ. ನಾನು ಸೀರೆ ಅಡ್ಡ ಹಿಡಿದು ನಿಲ್ಲುತ್ತಿದ್ದೆ. ಆಶಾ ಕಾರ್ಯಕರ್ತೆ ಇದನ್ನು ನೋಡಿ ಮೇಷ್ಟ್ರ ಹತ್ತಿರ ಮಾತಾಡಿದಳು. ಸಾಮಾನಿನ ಕೋಣೆಯನ್ನು ಹೆಂಗಸರಿಗೆ ಬಿಟ್ಟುಕೊಟ್ಟರು. ಒಳಗಿನಿಂದ ಚಿಲಕ ಇತ್ತು. ಆ ಚಿಲಕ ನಮಗೆ ಎಷ್ಟು ದೊಡ್ಡ ಉಪಕಾರವಾಯಿತು ಎಂಬುದನ್ನು ಇವತ್ತಿಗೂ ನೆನೆಯುತ್ತೇನೆ.

ನೀರು ಇಳಿಯಿತು. ಒಬ್ಬೊಬ್ಬರಾಗಿ ಮನೆಗೆ ಹೋದರು. ಕೆಸರು ಬಾಚಿ, ತೊಳೆದು, ಒಲೆ ಹೊತ್ತಿಸಿದರು. ಶಾಲೆ ಶುರುವಾಗಬೇಕಿತ್ತು. ಕೇಂದ್ರ ಮುಚ್ಚಿದರು. ಹೋಗುವವರಿಗೆ ದಿನಸಿ ಕಿಟ್ ಕೊಟ್ಟರು. ನಮಗೂ ಕೊಟ್ಟರು. ಕಿಟ್ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗಲಿಲ್ಲ. ನೀರು ಇಳಿದರೆ ಮನೆ ಇರುವವರು ಬೇರೆ, ನೀರು ಇಳಿದರೂ ಮನೆ ಇಲ್ಲದವರು ಬೇರೆ. ಕಾಳಜಿ ಕೇಂದ್ರ ಇದ್ದದ್ದು ಮೊದಲನೆಯವರಿಗೆ. ಎರಡನೆಯವರಿಗೆ ಆಮೇಲೆ ಏನು ಎಂದು ಯಾರೂ ಬರೆದಿಟ್ಟಿರಲಿಲ್ಲ.

ನೆಂಟರೊಬ್ಬರ ಕೊಟ್ಟಿಗೆಯ ಮುಂದೆ ಟಾರ್ಪಾಲು ಕಟ್ಟಿಕೊಂಡೆವು. ಒಂದು ಪಕ್ಕ ದನ, ಒಂದು ಪಕ್ಕ ನಾವು. ರಾತ್ರಿ ಗಾಳಿಗೆ ಟಾರ್ಪಾಲು ಬಡಿದರೆ ಅತ್ತೆ ಎದ್ದು ಕೂರುತ್ತಿದ್ದರು. ನಾನು ಕತ್ತಿ ತಲೆದೆಸೆಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆ. ಬೆಳೆದ ಹುಡುಗಿ ಜೊತೆಯಲ್ಲಿ ಇದ್ದಳು. ಸ್ನಾನಕ್ಕೆ ಎದುರು ಮನೆಗೆ ಹೋಗುತ್ತಿದ್ದೆವು. ಅವರು ಬಚ್ಚಲ ಬಾಗಿಲಿಗೆ ಬೀಗ ಹಾಕುವುದನ್ನೇ ಬಿಟ್ಟರು. ಬಾಯಿ ಬಿಟ್ಟು ಏನನ್ನೂ ಹೇಳಲಿಲ್ಲ. ಚಳಿಗಾಲ ಬಂದಾಗ ಅತ್ತೆಗೆ ಕೆಮ್ಮು ಹಿಡಿಯಿತು. ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬೆಚ್ಚಗೆ ಇಡಿ ಎಂದರು.

ಅಲ್ಲಿ ಸಾಲಿನಲ್ಲಿ ಕೂತಿದ್ದಾಗ ದಾಸನಪುರದ ಹೆಂಗಸೊಬ್ಬರು ಸಿಕ್ಕಿದರು. ಅವರದು ಕಾವೇರಿ ದಡದ ಊರು. ಕೆಆರ್‌ಎಸ್, ಕಬಿನಿಯಿಂದ ಹೆಚ್ಚು ನೀರು ಬಿಟ್ಟರೆ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿಯ ಕಡೆ ನೀರು ನುಗ್ಗುತ್ತದೆ. 2018ರಲ್ಲಿ ನುಗ್ಗಿತು, 2019ರಲ್ಲಿ ನುಗ್ಗಿತು. "ನಮಗ ಗಂಟು ಕಟ್ಟೋದು ರೂಢಿ ಆಗದ ಕನಕ್ಕ" ಎಂದರು. ಅವರು ಮಳೆಗಾಲ ಬರುವ ಮುಂಚೆಯೇ ಕಾಗದ ಪತ್ರವನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೇರೆ ಊರಿನ ತಂಗಿಯ ಮನೆಗೆ ಕಳಿಸುತ್ತಾರಂತೆ. ನಮ್ಮ ರೇಷನ್ ಕಾರ್ಡು, ಆಧಾರ್ ಕಾರ್ಡು, ಮಗಳ ಜಾತಿ ಪತ್ರ ಎಲ್ಲ ಒದ್ದೆಯಾಗಿ ಹಗ್ಗದ ಮೇಲೆ ಒಣಗಿದ್ದವು. ಅವರ ಮಾತು ನನಗೆ ಪಾಠವಾಯಿತು.

ಇದಕ್ಕೂ ಮೊದಲೇ ಬಿದ್ದ ಮನೆಗಳ ಸರ್ವೆ ಮಾಡಲು ಗ್ರಾಮ ಲೆಕ್ಕಿಗರು, ಪಂಚಾಯಿತಿಯವರು, ಎಂಜಿನಿಯರು ಸೇರಿ ಬಂದಿದ್ದರು. ಆ ವರ್ಷ ಪರಿಹಾರದ ಲೆಕ್ಕ ಹೀಗಿತ್ತು. ಪೂರ್ತಿ ಬಿದ್ದ ಮನೆ 'ಎ', 5 ಲಕ್ಷ. ಹೆಚ್ಚು ಹಾನಿಯಾದದ್ದು 'ಬಿ', 3 ಲಕ್ಷ. ಸ್ವಲ್ಪ ಹಾನಿಯಾದದ್ದು 'ಸಿ', 50 ಸಾವಿರ. ನೀರು ನುಗ್ಗಿ ಸಾಮಾನು ಹಾಳಾದವರಿಗೆ 10 ಸಾವಿರ. ಅವರು ಬಂದ ದಿನ ನಮ್ಮ ಹಿಂದಿನ ಗೋಡೆ ಮಾತ್ರ ಬಿದ್ದಿತ್ತು. 'ಸಿ' ಎಂದು ಬರೆದರು. ಅವರು ಹೋದ ಮೇಲೆ ನೆನೆದಿದ್ದ ಪಕ್ಕದ ಗೋಡೆಯೂ ಕುಸಿಯಿತು. ತೊಲೆ ಕೆಳಗೆ ಬಂತು. ಮತ್ತೆ ಅರ್ಜಿ ಕೊಟ್ಟೆ. ಪಟ್ಟಿ ಮುಗಿದಿದೆ ಎಂದರು.

50 ಸಾವಿರವೂ ಕೂಡಲೇ ಬರಲಿಲ್ಲ. ಒಂದು ಕಚೇರಿಯಲ್ಲಿ ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಮಾವನ ಹೆಸರಿನಲ್ಲಿತ್ತು. ಮಾವ ತೀರಿಕೊಂಡಿದ್ದರು. ನನ್ನ ಗಂಡನೂ ತೀರಿಕೊಂಡಿದ್ದರು. "ಹಾಗಾದರೆ ಮನೆ ನಿಮ್ಮದು ಅನ್ನೋದಕ್ಕೆ ಏನಿದೆ?" ಎಂದರು. ಕೇಳಿದವರು ಒರಟಾಗಿ ಕೇಳಲಿಲ್ಲ. ಆದರೆ ಆ ಪ್ರಶ್ನೆ ಗೋಡೆ ಬಿದ್ದದ್ದಕ್ಕಿಂತ ಹೆಚ್ಚು ಹೆದರಿಸಿತು. ಮದುವೆಯಾಗಿ ಬಂದ ದಿನದಿಂದ ಇದ್ದ ಮನೆ. ಅದು ನನ್ನದು ಎಂದು ಹೇಳಲು ನನ್ನ ಬಳಿ ಒಂದು ಚೂರು ಕಾಗದ ಇರಲಿಲ್ಲ.

ಅತ್ತೆ ಟ್ರಂಕು ತೆಗೆಸಿದರು. ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಮನೆ ಕಂದಾಯದ ರಸೀದಿಗಳು. ಮಾವ ಕಟ್ಟಿದ್ದು, ಗಂಡ ಕಟ್ಟಿದ್ದು, ಆಮೇಲೆ ನಾನು ಕಟ್ಟಿದ್ದು. ಅತ್ತೆಗೆ ಓದಲು ಬರುವುದಿಲ್ಲ. ಒಂದನ್ನೂ ಬಿಸಾಡಿರಲಿಲ್ಲ. ಡಬ್ಬಿಯ ಮುಚ್ಚಳ ಗಟ್ಟಿಯಿದ್ದದ್ದರಿಂದ ನೀರು ಹೋಗಿರಲಿಲ್ಲ. ಟಾರ್ಪಾಲಿನ ಕೆಳಗೆ ಕೂತು ಮಗಳು ಒಂದೊಂದನ್ನೇ ಓದಿದಳು. ಮನೆ ಕಂದಾಯ, ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಭಿಕ್ಷುಕರ ಕರ ಎಂದರೇನು ಎಂದು ಅವಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ಮೇಷ್ಟ್ರು ತಿಳಿಸಿದರು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಮನೆ ಕಂದಾಯದ ಮೇಲೆ ನೂರಕ್ಕೆ 3ರಂತೆ ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುತ್ತವೆ. ಆ ದುಡ್ಡಿನಲ್ಲಿ ಬೆಂಗಳೂರು, ಮೈಸೂರಿನಂಥ ಕಡೆ ನಿರಾಶ್ರಿತರ ಪರಿಹಾರ ಕೇಂದ್ರ ನಡೆಯುತ್ತದೆ. ನಮ್ಮಂಥ ಬಡವರ ಮನೆಯಿಂದಲೂ ಸೂರಿಲ್ಲದವರ ಪಾಲಿಗೆ ಒಂದಿಷ್ಟು ಹೋಗುತ್ತಿತ್ತು ಎಂದು ತಿಳಿದು ನನಗೆ ಸಮಾಧಾನವಾಯಿತು.

ರಸೀದಿಗಳು ದಾರಿ ತೋರಿದವು. ಕಂದಾಯ ಕಟ್ಟುತ್ತ ಬಂದಿದ್ದರಿಂದ ಪಂಚಾಯಿತಿ ರಿಜಿಸ್ಟರಿನಲ್ಲಿ ಮನೆ ಇತ್ತು. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಆಗಬೇಕಿತ್ತು. ಅದಕ್ಕೆ ಮರಣ ಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ. ವಂಶವೃಕ್ಷಕ್ಕೆ ನಾಡಕಚೇರಿಗೆ ಅರ್ಜಿ. ಒಪ್ಪಿಗೆಗೆ ಮೈದುನ ಬರಬೇಕು. ಮೈದುನ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಕೆಲಸದಲ್ಲಿದ್ದಾನೆ. ಒಂದು ದಿನ ಬಿಟ್ಟರೆ ಸಂಬಳ ಹಿಡಿಯುತ್ತಾರೆ. ಪಾಲು ಕೇಳುತ್ತಾನೇನೋ ಎಂಬ ಅಂಜಿಕೆ ನನಗಿತ್ತು. ಫೋನು ಮಾಡಿದೆ. ರಾತ್ರಿ ಬಸ್ಸು ಹತ್ತಿ ಬಂದ. ಟಾರ್ಪಾಲು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅತ್ಗ, ಮನ ಅವ್ವುಂದು, ನಿಮ್ದು. ನಂಗ ಏನೂ ಬ್ಯಾಡ" ಎಂದ. ಸಹಿ ಹಾಕಿ ಅದೇ ದಿನ ಸಂಜೆ ಹೊರಟ.

ಆಮೇಲೆ ನಾವು ಬಾಡಿಗೆ ಕೋಣೆಗೆ ಬಂದೆವು. ತಿಂಗಳಿಗೆ 1,500 ರೂಪಾಯಿ. ಅಡುಗೆ ಕೆಲಸದ ಗೌರವಧನ, ವಿಧವಾ ವೇತನ ಸೇರಿಸಿ ಬಾಡಿಗೆ ಕೊಟ್ಟರೆ ಊಟಕ್ಕೆ ಕೂಲಿಯೇ ಗತಿ. ಕೆಲಸ ಸಿಗದ ವಾರ ಸೊಸೈಟಿ ಅಕ್ಕಿಯ ಗಂಜಿ. ಮಗಳ ಪುಸ್ತಕ ಹೋಗಿದ್ದರಿಂದ ಮೇಷ್ಟ್ರು ಬೇರೆ ಪುಸ್ತಕ ಕೊಡಿಸಿದ್ದರು. ಶಾಲೆ ಬಿಟ್ಟ ಮೇಲೂ ಅಲ್ಲೇ ಕೂತು ಓದಲು ಬಿಟ್ಟರು. 2023ರಲ್ಲಿ ಅವಳು ಎಸ್ಸೆಸ್ಸೆಲ್ಸಿ ಪಾಸಾದಳು.

ಖಾತೆ ಅತ್ತೆಯ ಮತ್ತು ನನ್ನ ಹೆಸರಿಗೆ ಬಂತು. ಇ-ಸ್ವತ್ತಿನ ಕಾಗದ ಕೈಗೆ ಬಂದ ದಿನ ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡರು. 'ಸಿ' ವರ್ಗದ ದುಡ್ಡು ಬಂತು. ಅದರಲ್ಲಿ ಅಲ್ಲಿಯವರೆಗೆ ಮಾಡಿದ್ದ ಸಾಲ ತೀರಿತು. ಮನೆ ಕಟ್ಟಲು ಏನೂ ಉಳಿಯಲಿಲ್ಲ.

ಒಂದು ದಿನ ಕಸದ ಆಟೋದ ಮೈಕಿನಲ್ಲಿ ಗ್ರಾಮಸಭೆ ಇದೆ ಎಂದು ಕೂಗಿಕೊಂಡು ಹೋದರು. ಅಲ್ಲಿಯವರೆಗೆ ನಾನು ಗ್ರಾಮಸಭೆಗೆ ಹೋದವಳಲ್ಲ. ಹೆಂಗಸರು ಹೋಗುವುದು ಕಡಿಮೆ. ಹೋದರೂ ಹಿಂದೆ ನಿಲ್ಲುತ್ತಾರೆ. ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸುವುದು ಆ ಸಭೆಯಲ್ಲೇ ಎಂದು ಸ್ತ್ರೀಶಕ್ತಿ ಸಂಘದಲ್ಲಿ ಹೇಳಿದ್ದರು. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ನಡೆಯಬೇಕೆಂದು ಕಾನೂನೇ ಇದೆ. ನಮ್ಮ ಸಂಘದ ಹೆಂಗಸರೆಲ್ಲ ಒಟ್ಟಿಗೆ ಹೋದೆವು.

ಹೆಸರು ಓದಿದರು. ನನ್ನ ಹೆಸರು ಇರಲಿಲ್ಲ. ಎದ್ದು ನಿಂತೆ. ಕಾಲು ನಡುಗುತ್ತಿತ್ತು. "ಮಳೆಗೆ ಮನೆ ಬಿದ್ದದೆ. ಬಾಡಿಗೆ ಕೋಣೇಲಿ ಇದ್ದೀವಿ. ಖಾತೆ ನಮ್ಮ ಹೆಸರಿಗೆ ಆಗದೆ. ಫೋಟೋ ಅದೆ" ಎಂದೆ. ಇನ್ನೂ ಹೇಳಬೇಕಿತ್ತು, ಮಾತು ಬರಲಿಲ್ಲ. ಎದುರು ಮನೆಯವರು ಎದ್ದು "ಅದು ನಿಜ, ನಮ್ಮ ಕಣ್ಣ ಮುಂದ ಬಿತ್ತು" ಎಂದರು. ಪಟ್ಟಿಯಲ್ಲಿದ್ದ ಇನ್ನೊಬ್ಬ ಹೆಂಗಸು "ಅವಳದು ಮೊದಲು ಬರೀರಿ, ನಮಗ ಇನ್ನೂ ಸೂರು ಅದೆ" ಎಂದಳು. ಅವಳಿಗೂ ಮನೆ ಬೇಕಿತ್ತು. ಸಭೆಯ ಪುಸ್ತಕದಲ್ಲಿ ನನ್ನ ಹೆಸರು ಬರೆದರು. ಆ ಹೆಂಗಸಿನ ಮಾತಿನ ಋಣ ನನ್ನ ಮೇಲಿದೆ.

ಬಸವ ವಸತಿ ಯೋಜನೆಯಲ್ಲಿ ಮನೆ ಮಂಜೂರಾಯಿತು. 1 ಲಕ್ಷ 20 ಸಾವಿರ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಿಂದ ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಒಂದೇ ಸಲ ಬರುವುದಿಲ್ಲ. ತಳಪಾಯ ಆದಾಗ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಒಂದು, ಛಾವಣಿಗೆ ಒಂದು, ಪೂರ್ತಿಯಾದಾಗ ಒಂದು. ಪ್ರತಿ ಹಂತದಲ್ಲೂ ಮನೆಯ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೋ ತೆಗೆಯುತ್ತಾರೆ. ಇದರಲ್ಲಿ ಒಂದು ಕಷ್ಟವಿದೆ. ಕೆಲಸ ಮೊದಲು ಆಗಬೇಕು, ದುಡ್ಡು ಆಮೇಲೆ ಬರುತ್ತದೆ. ಕೈಯಲ್ಲಿ ಏನೂ ಇಲ್ಲದವರು ತಳಪಾಯ ಹಾಕುವುದು ಹೇಗೆ? ಓಲೆ ಅಡ ಇಟ್ಟೆ. ಸಂಘದಲ್ಲಿ ಸಾಲ ತೆಗೆದೆ. ಹಳೆಯ ಮನೆಯ ಕಲ್ಲು, ತೊಲೆ, ಒಡೆಯದೆ ಉಳಿದ ಹೆಂಚು ಎಲ್ಲ ಆರಿಸಿಟ್ಟೆವು. ಉದ್ಯೋಗ ಖಾತ್ರಿಯಲ್ಲಿ ಮನೆ ಕಟ್ಟುವವರಿಗೆ 90 ದಿನದ ಕೂಲಿ ಕೊಡುತ್ತಿದ್ದರು. 2024ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ನನ್ನ ಮನೆಗೆ ನಾನೇ ಮಣ್ಣು ಹೊತ್ತು ಕೂಲಿ ಪಡೆದೆ. ಶೌಚಾಲಯಕ್ಕೆ ಬೇರೆ 12 ಸಾವಿರ ಬಂತು.

ನಡುವೆ ಕಂತು ತಡವಾಯಿತು. ಗೋಡೆ ಎದ್ದು ಛಾವಣಿ ಇಲ್ಲದೆ ಒಂದು ಮಳೆಗಾಲ ಪೂರ್ತಿ ನಿಂತಿತ್ತು. ಆಗ ನನಗೆ ಬಹಳ ಭಯವಾಯಿತು. ಮಳೆ ಬಂದ ರಾತ್ರಿ ಬಾಡಿಗೆ ಕೋಣೆಯಿಂದ ಎದ್ದು ಬಂದು ಟಾರ್ಚ್ ಹಾಕಿ ಗೋಡೆ ನೋಡುತ್ತಿದ್ದೆ. ಸಿಮೆಂಟಿನ ಗೋಡೆ, ಏನೂ ಆಗುವುದಿಲ್ಲ ಎಂದು ಗಾರೆ ಮೇಸ್ತ್ರಿ ಎಷ್ಟು ಹೇಳಿದರೂ ಮನಸ್ಸು ಕೇಳಲಿಲ್ಲ. ಕಂತು ಬಂದ ಮೇಲೆ ಛಾವಣಿ ಹಾಕಿದೆವು. ಮೇಸ್ತ್ರಿ ಕೊನೆಯ ವಾರದ ಕೂಲಿಯನ್ನು ಸುಗ್ಗಿ ಆದ ಮೇಲೆ ಕೊಡಿ ಎಂದರು. 2025ರಲ್ಲಿ ಹಾಲು ಉಕ್ಕಿಸಿದೆವು. ಇನ್ನೂ ಒಳಗೋಡೆಗೆ ಗಿಲಾವು ಆಗಿಲ್ಲ. ಸಾಲ ಇದೆ. ಮಳೆ ಜೋರಾದ ರಾತ್ರಿ ಅತ್ತೆ ಈಗಲೂ ಗೋಡೆ ಮುಟ್ಟಿ ನೋಡುತ್ತಾರೆ.

ನನ್ನ ಕಷ್ಟ ದೊಡ್ಡದೆಂದು ಇದನ್ನು ಬರೆಯಲಿಲ್ಲ. ನನಗಿಂತ ಹೆಚ್ಚು ಪಟ್ಟವರಿದ್ದಾರೆ. ನಾನು ಕಂಡ ಒಂದು ಸಂಗತಿ ಹೇಳಬೇಕಿತ್ತು. ಮನೆ ಮಳೆಯಲ್ಲಿ ಬೀಳುತ್ತದೆ. ಆದರೆ ಮನೆ ಇಲ್ಲದವರಾಗುವುದು ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಬಿರುಕು ಬಿಟ್ಟ ಗೋಡೆಯನ್ನು ಯಾರೂ ಬಂದು ನೋಡದ ವರ್ಷಗಳಲ್ಲಿ ಶುರುವಾಗಿರುತ್ತದೆ. ಸತ್ತವರ ಹೆಸರಿನಲ್ಲೇ ಖಾತೆ ಉಳಿದ ವರ್ಷಗಳಲ್ಲಿ ಶುರುವಾಗಿರುತ್ತದೆ.

ದೊಡ್ಡ ನಗರಗಳಿಗೆ ಒಂದು ಲೆಕ್ಕವಾದರೂ ಇದೆ. ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ತಾಣ, ವರ್ಷವಿಡೀ, ಹಗಲೂ ರಾತ್ರಿಯೂ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಹಳ್ಳಿಯಲ್ಲಿ ಕಾಳಜಿ ಕೇಂದ್ರ ಮುಚ್ಚಿದ ಮಾರನೆಯ ದಿನ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅಂಥ ಲೆಕ್ಕವನ್ನು ನಾನು ಕಾಣಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೂ ಪರಿಹಾರ, ಪುನರ್ವಸತಿಯ ಹೊಣೆ ಕೊಟ್ಟಿದೆ. ನಿವೇಶನ ಹಂಚುವುದು, ವಸತಿ ನೋಡುವುದು ಪಂಚಾಯಿತಿಯ ಕೆಲಸವೆಂದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಹಾಗಾಗಿ ನಾನು ಕೇಳುವುದು ಹೊಸದೇನಲ್ಲ.

ಪ್ರತಿ ಬೇಸಿಗೆಯಲ್ಲಿ ಪಂಚಾಯಿತಿಯವರು ಬೀದಿ ಬೀದಿ ತಿರುಗಿ ಮಣ್ಣಿನ ಗೋಡೆಯ, ಬಿರುಕು ಬಿಟ್ಟ ಮನೆಗಳ ಪಟ್ಟಿ ಮಾಡಲಿ. ಅಂಥ ಮನೆಯಲ್ಲಿ ಯಾರ ಹೆಸರಿಗೆ ಖಾತೆ ಇದೆ ಎಂದು ಅಲ್ಲೇ ಕೇಳಲಿ. ಪೌತಿ ಖಾತೆಯ ಕೆಲಸ ಊರಿನಲ್ಲೇ ಕೂತು ಮುಗಿಸಿಕೊಡಲಿ. ಸರ್ವೆ ಆದ ಮೇಲೆ ಮನೆ ಇನ್ನೂ ಕುಸಿದರೆ ಮತ್ತೆ ಬಂದು ನೋಡಲಿ. ಮನೆ ಪೂರ್ತಿ ಕಳೆದುಕೊಂಡವರಿಗೆ ಮನೆ ಏಳುವವರೆಗೆ ಚಿಲಕವಿರುವ ಒಂದು ಕೋಣೆ ಕೊಡಲಿ, ಇಲ್ಲವೇ ಬಾಡಿಗೆ ಕೊಡಲಿ. ತಳಪಾಯಕ್ಕೆ ಮುಂಗಡ ಕೊಡಲಿ.

ಓದುವವರಿಗೂ ಒಂದು ಮಾತು. ನಿಮ್ಮ ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ನೋಡಿ. ಕಂದಾಯದ ರಸೀದಿ ಬಿಸಾಡಬೇಡಿ. ಗ್ರಾಮಸಭೆ ಇದೆ ಎಂದು ಕೂಗಿದ ದಿನ ಕೂಲಿ ಬಿಟ್ಟಾದರೂ ಹೋಗಿ. ನಿಮಗೆ ಮನೆ ಇದ್ದರೂ ಹೋಗಿ. ಮನೆ ಬಿದ್ದವರು ಎದ್ದು ನಿಂತಾಗ "ಅದು ನಿಜ" ಎಂದು ಹೇಳುವವರು ಅಲ್ಲಿ ಇರಬೇಕು.